ವಿಜ್ಞಾನ ಶಿಕ್ಷಕರ ಸಮ್ಮೇಳನಕ್ಕೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಮ್ಮೇಳನದಲ್ಲಿ ನೋಡಿ ಮೆಚ್ಚಿದ ಪ್ರಯೋಗ ನಮ್ಮ ತರಗತಿಯ ಮೇಜಿನವರೆಗೂ ಬರಬೇಕು. ಬಹಳ ಸಲ ಅದು ದಾರಿಯಲ್ಲೇ ಉಳಿದುಬಿಡುತ್ತದೆ. ಅಳತೆ ಬರೆದುಕೊಂಡಿರುವುದಿಲ್ಲ, ಸಾಮಗ್ರಿಯ ಹೆಸರು ಅರ್ಧಕ್ಕೇ ನಿಂತಿರುತ್ತದೆ, ಮಾಡಿ ತೋರಿಸಿದವರ ವಿಳಾಸ ಇರುವುದಿಲ್ಲ. ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೆಳಗಿನ ಉತ್ತರಗಳನ್ನು ಬರೆದಿದ್ದೇವೆ. ಮೊದಲ ಸಲ ಹೋಗುವವರಿಗೂ ಏನಾದರೂ ಮಂಡಿಸಲು ಹೊರಟವರಿಗೂ ಇಲ್ಲಿ ವಿಷಯವಿದೆ.

ಹೊರಡುವ ಮುನ್ನ

ಸಮ್ಮೇಳನದಲ್ಲಿ ಏನೇನು ನಡೆಯುತ್ತದೆ?

ಸಾಮಾನ್ಯವಾಗಿ ದಿನ ಶುರುವಾಗುವುದು ಎಲ್ಲರೂ ಒಟ್ಟಿಗೆ ಕೂತು ಕೇಳುವ ಪ್ರಧಾನ ಉಪನ್ಯಾಸದಿಂದ. ಆಮೇಲೆ ಬೇರೆ ಬೇರೆ ಕೊಠಡಿಗಳಲ್ಲಿ ಒಂದೇ ಹೊತ್ತಿಗೆ ಹಲವು ಗೋಷ್ಠಿಗಳು ನಡೆಯುತ್ತವೆ. ಪ್ರಬಂಧ ಮಂಡನೆಯಲ್ಲಿ ಒಬ್ಬೊಬ್ಬರಿಗೆ 10ರಿಂದ 15 ನಿಮಿಷ ಸಿಗುತ್ತದೆ. ಕಾರ್ಯಾಗಾರ 45ರಿಂದ 90 ನಿಮಿಷದ್ದು, ಅಲ್ಲಿ ನೀವೇ ಕೈಯಿಂದ ಮಾಡಬೇಕು. ಪೋಸ್ಟರ್ ಗೋಷ್ಠಿಯಲ್ಲಿ ಗೋಡೆಯ ಪಕ್ಕ ನಿಂತವರ ಜೊತೆ ಎದುರುಬದುರು ಮಾತು. ಇವುಗಳ ಜೊತೆಗೆ ಉಪಕರಣ, ಪುಸ್ತಕ, ತಂತ್ರಾಂಶ ಮಾರುವವರ ಮಳಿಗೆಗಳಿರುತ್ತವೆ. ಅಮೆರಿಕದಲ್ಲಿ 1944ರಲ್ಲಿ ಹುಟ್ಟಿದ ಎನ್‌ಎಸ್‌ಟಿಎ ಅಥವಾ ಬ್ರಿಟನ್ನಿನ ಎಎಸ್‌ಇಯಂಥ ದೊಡ್ಡ ಶಿಕ್ಷಕ ಸಂಘಗಳ ಸಮ್ಮೇಳನದಲ್ಲಿ ನೂರಾರು ಗೋಷ್ಠಿಗಳು ಇರುತ್ತವೆ. ಚಿಕ್ಕ ಸಮ್ಮೇಳನದಲ್ಲಿ ಇಪ್ಪತ್ತು ಇರಬಹುದು. ಮೊದಲ ಸಲಕ್ಕೆ ಚಿಕ್ಕದೇ ವಾಸಿ. ಅಲ್ಲಿ ಮಂಡಿಸಿದವರು ಊಟದ ಹೊತ್ತಿಗೂ ಮಾತಿಗೆ ಸಿಗುತ್ತಾರೆ.

ಯಾವುದನ್ನು ಆರಿಸಿಕೊಳ್ಳಬೇಕು?

ಹಿಂದಿನ ವರ್ಷದ ಕಾರ್ಯಕ್ರಮ ಪಟ್ಟಿ ತರಿಸಿಕೊಂಡು ಓದಿ. ಗೋಷ್ಠಿಗಳ ಹೆಸರಿನಲ್ಲಿ ತರಗತಿ, ಪಾಠ, ಪ್ರಯೋಗ ಎಂಬ ಮಾತುಗಳೇ ಹೆಚ್ಚಾಗಿದ್ದರೆ ಅದು ಪಾಠ ಮಾಡುವವರ ಸಮ್ಮೇಳನ. ಪರಿಕಲ್ಪನಾ ಚೌಕಟ್ಟು, ಸಂಶೋಧನಾ ವಿಧಾನ, ಗುಣಾತ್ಮಕ ವಿಶ್ಲೇಷಣೆ ಎಂಬಂಥವೇ ತುಂಬಿದ್ದರೆ ಅದು ಶಿಕ್ಷಣ ಸಂಶೋಧಕರದ್ದು. ಎರಡೂ ಒಳ್ಳೆಯವೇ. ಆದರೆ ಸೋಮವಾರದ ಪಾಠಕ್ಕೆ ಏನಾದರೂ ಬೇಕೆಂದು ಎರಡನೆಯದಕ್ಕೆ ಹೋದರೆ ನಿರಾಸೆಯಾಗುತ್ತದೆ.

ಅರ್ಜಿ ಹಾಕುವ ಮೊದಲೇ ನಿಮ್ಮ ತರಗತಿಯ ಒಂದು ತೊಡಕನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ‘ಬಲ್ಬಿನಲ್ಲಿ ವಿದ್ಯುತ್ ಪ್ರವಾಹ ಖರ್ಚಾಗಿಹೋಗುತ್ತದೆ ಎಂದೇ ಎಂಟನೇ ತರಗತಿಯ ಮಕ್ಕಳು ನಂಬಿದ್ದಾರೆ’ ಎಂಬಷ್ಟು ಖಚಿತವಾಗಿರಲಿ. ಪಟ್ಟಿಯಲ್ಲಿ ಆ ತೊಡಕಿಗೆ ಹತ್ತಿರವಾದ ಮೂರು ಗೋಷ್ಠಿಗಳಾದರೂ ಕಾಣದಿದ್ದರೆ ಬೇರೆ ಸಮ್ಮೇಳನ ಹುಡುಕಿ.

ದುಡ್ಡು ಹೊಡೆಯಲೆಂದೇ ನಡೆಸುವ ಸಮ್ಮೇಳನಗಳೂ ಇವೆಯಂತೆ, ಪತ್ತೆ ಹಚ್ಚುವುದು ಹೇಗೆ?

ಇವೆ. ಮಂಡಿಸಬೇಕೆಂದಿರುವ ವಿಷಯದ ಸಾರಾಂಶ ಕಳಿಸಿದ ಒಂದೆರಡು ದಿನದಲ್ಲೇ ‘ಆಯ್ಕೆಯಾಗಿದೆ, ಶುಲ್ಕ ಕಟ್ಟಿ’ ಎಂಬ ಪತ್ರ ಬರುತ್ತದೆ. ವಿಜ್ಞಾನ, ಎಂಜಿನಿಯರಿಂಗ್, ನಿರ್ವಹಣೆ, ಸಾಹಿತ್ಯ ಎಲ್ಲವೂ ಒಂದೇ ಸಮ್ಮೇಳನದಡಿ ಇರುತ್ತವೆ. ಸಮಿತಿಯಲ್ಲಿ ಹೆಸರಿದ್ದವರಿಗೆ ಆ ವಿಷಯವೇ ಗೊತ್ತಿರುವುದಿಲ್ಲ. ನಡೆಯುವ ಸ್ಥಳವೆಂದು ಬರೀ ಊರಿನ ಹೆಸರು ಹಾಕಿ, ಕಟ್ಟಡದ ಹೆಸರು ಹೇಳುವುದಿಲ್ಲ. ಪತ್ತೆ ಹಚ್ಚಲು ಸುಲಭದ ದಾರಿಯೆಂದರೆ ಸಮಿತಿಯ ಒಬ್ಬ ಸದಸ್ಯರಿಗೆ, ಅವರ ಸಂಸ್ಥೆಯ ವಿಳಾಸಕ್ಕೇ ಬರೆದು ಕೇಳುವುದು. ಉತ್ತರ ಬರುವವರೆಗೆ ಹಣ ಕಟ್ಟಬೇಡಿ.

ಶಾಲೆಯಿಂದ ಅನುಮತಿ ಪಡೆಯಲು ಪತ್ರದಲ್ಲಿ ಏನಿರಬೇಕು?

ಮುಖ್ಯ ಶಿಕ್ಷಕರು ತಡವರಿಸುವುದು ಬಹುತೇಕ ಒಂದೇ ಕಾರಣಕ್ಕೆ: ನೀವಿಲ್ಲದ ದಿನ ತರಗತಿ ಯಾರು ನೋಡಿಕೊಳ್ಳುತ್ತಾರೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಅದಕ್ಕೆ ಉತ್ತರವನ್ನು ಪತ್ರದ ಮೊದಲ ಪ್ಯಾರಾದಲ್ಲೇ ಕೊಡಿ. ಯಾವ ಅವಧಿ, ಯಾವ ತರಗತಿ, ಯಾವ ಸಹೋದ್ಯೋಗಿ ಒಪ್ಪಿದ್ದಾರೆ, ಮಕ್ಕಳಿಗೆ ಯಾವ ಕೆಲಸ ಎಂಬ ನಾಲ್ಕು ಕಂಬಸಾಲಿನ ಪಟ್ಟಿ ಸಾಕು. ನಂತರ ದಿನಾಂಕ, ಸ್ಥಳ, ಖರ್ಚಿನ ಅಂದಾಜು. ಕೊನೆಗೆ ಮರಳಿದ ಮೇಲೆ ಏನು ಕೊಡುತ್ತೀರಿ ಎಂಬುದು. ‘ಎರಡು ವಾರದೊಳಗೆ ವಿಭಾಗದ ಸಭೆಯಲ್ಲಿ ಒಂದು ಪ್ರಾತ್ಯಕ್ಷಿಕೆ ಮಾಡಿ ತೋರಿಸುತ್ತೇನೆ’ ಎಂದು ಬರೆದರೆ ಸಾಕು. ಓಓಡಿ (ಅನ್ಯ ಕರ್ತವ್ಯ, ಅಂದರೆ ಹೋದ ದಿನವನ್ನೂ ಕೆಲಸದ ದಿನವೆಂದೇ ಲೆಕ್ಕ ಹಾಕುವ) ಸೌಲಭ್ಯ ಬೇಕಿದ್ದರೆ ಆಹ್ವಾನ ಪತ್ರದ ಪ್ರತಿಯನ್ನೂ ಲಗತ್ತಿಸಿ. ಹಾಜರಾತಿ ಪ್ರಮಾಣಪತ್ರದಲ್ಲಿ ಹೆಸರು ಶಾಲೆಯ ದಾಖಲೆಯಲ್ಲಿ ಇದ್ದಂತೆಯೇ ಬರಬೇಕೆಂದರೆ ನೋಂದಣಿಯ ಹೊತ್ತಿಗೇ ಇನಿಷಿಯಲ್ ಸಮೇತ ಹಾಗೇ ತುಂಬಿಸಿ. ಆಮೇಲೆ ತಿದ್ದಿಸುವುದು ದೊಡ್ಡ ತಲೆನೋವು.

ಬದಲಿ ಶಿಕ್ಷಕರಿಗೆ ಹೊಸ ಪಾಠ ಒಪ್ಪಿಸಬೇಡಿ. ಪುನರಾವರ್ತನೆಯ ಹಾಳೆ, ಚಿತ್ರ ಬಿಡಿಸಿ ಭಾಗ ಗುರುತಿಸುವ ಕೆಲಸ, ಅಂಕಿ ಕೊಟ್ಟು ನಕ್ಷೆ ಎಳೆಸುವುದು ಇಂಥವು ಸರಿ. ನೀವಿಲ್ಲದಾಗ ಮಕ್ಕಳು ಬೆಂಕಿ, ಆಮ್ಲ ಮುಟ್ಟುವ ಯಾವುದೇ ಪ್ರಯೋಗ ಬೇಡವೇ ಬೇಡ.

ಏನನ್ನೂ ಮಂಡಿಸದೆ ಬರೀ ಕೇಳಲು ಹೋಗಬಹುದೇ?

ಖಂಡಿತ. ಮೊದಲ ಸಲ ಹಾಗೆ ಹೋಗುವುದೇ ಒಳ್ಳೆಯದು. ಮಂಡಿಸುವ ದಿನ ಬೆಳಿಗ್ಗೆಯೆಲ್ಲ ಮನಸ್ಸು ಅದರ ಮೇಲೇ ಇರುತ್ತದೆ, ಬೇರೆ ಗೋಷ್ಠಿ ಕಿವಿಗೆ ಬೀಳುವುದಿಲ್ಲ.

ಮಂಡಿಸುವವರಿಗೆ

ಸಾರಾಂಶ ಬರೆಯುವುದು ಹೇಗೆ? ತಿರಸ್ಕಾರ ಯಾಕೆ ಆಗುತ್ತದೆ?

ಸಾಮಾನ್ಯ ಮಿತಿ 200ರಿಂದ 300 ಪದ. ಅಷ್ಟರಲ್ಲಿ ಐದು ವಿಷಯ ಬರಬೇಕು: ತೊಡಕೇನು, ನೀವು ಮಾಡಿದ್ದೇನು, ಯಾವ ತರಗತಿಯ ಎಷ್ಟು ಮಕ್ಕಳೊಂದಿಗೆ, ಏನು ಕಂಡಿತು, ಗೋಷ್ಠಿಗೆ ಬಂದವರು ಏನು ಒಯ್ಯುತ್ತಾರೆ. ಪೀಠಿಕೆಗೆ ಎರಡು ವಾಕ್ಯಕ್ಕಿಂತ ಹೆಚ್ಚು ಕೊಡಬೇಡಿ. ‘ಇಂದಿನ ಯುಗ ವಿಜ್ಞಾನದ ಯುಗ’ ಎಂದು ಶುರುವಾಗುವ ಸಾರಾಂಶ ಅಲ್ಲೇ ನಲವತ್ತು ಪದ ಕಳೆದುಕೊಂಡಿರುತ್ತದೆ.

ತಿರಸ್ಕಾರಕ್ಕೆ ದೊಡ್ಡ ಕಾರಣ ಪುರಾವೆ ಇಲ್ಲದಿರುವುದು. ‘ಮಕ್ಕಳು ತುಂಬ ಖುಷಿಪಟ್ಟರು’ ಎನ್ನುವುದು ನಿಜವೇ ಇರಬಹುದು, ಆದರೆ ಅವರು ಕಲಿತರೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಪಾಠಕ್ಕೆ ಮೊದಲು ಐದು ಪ್ರಶ್ನೆ, ಆದಮೇಲೆ ಅದೇ ತಿರುಳಿನ ಐದು ಪ್ರಶ್ನೆ, ಜೊತೆಗೆ ಮಕ್ಕಳೇ ಬರೆದ ಎರಡು ಮೂರು ಉತ್ತರ ಇದ್ದರೂ ಸಾಕು. ಇನ್ನೊಂದು ಎಚ್ಚರಿಕೆ: 12 ಮಕ್ಕಳಲ್ಲಿ 4 ಮಂದಿ ಹೆಚ್ಚು ಸರಿಯಾಗಿ ಉತ್ತರಿಸಿದರೆ ಅದನ್ನು ‘ಶೇಕಡಾ 33ರಷ್ಟು ಸುಧಾರಣೆ’ ಎಂದು ಬರೆಯಬೇಡಿ, ‘12ರಲ್ಲಿ 4 ಮಂದಿ’ ಎಂದೇ ಬರೆಯಿರಿ. ಅಂಕಿ ಚಿಕ್ಕದಿದ್ದಾಗ ಶೇಕಡಾವಾರು ಓದುವವರ ದಾರಿ ತಪ್ಪಿಸುತ್ತದೆ, ಆಯ್ಕೆ ಮಾಡುವವರಿಗೆ ಅದು ತಕ್ಷಣ ಕಾಣುತ್ತದೆ. ಏನು ಕೆಲಸ ಮಾಡಲಿಲ್ಲ ಎಂಬುದಕ್ಕೂ ಒಂದು ವಾಕ್ಯ ಇಡಿ.

ಇನ್ನು ಕೆಲವು ಸಾರಾಂಶಗಳು ಬಗೆ ತಪ್ಪಿ ಬೀಳುತ್ತವೆ. ಕೈಯಿಂದ ಮಾಡಿಸುವ ಕೆಲಸವೇ ಇಲ್ಲದ್ದನ್ನು ಕಾರ್ಯಾಗಾರ ಎಂದು ಕಳಿಸುವುದು ಇದಕ್ಕೆ ಉದಾಹರಣೆ.

10 ನಿಮಿಷದ ಮಂಡನೆಗೆ ಎಷ್ಟು ಸ್ಲೈಡ್?

ಎಂಟರಿಂದ ಹತ್ತು. ಅಕ್ಷರ 24 ಪಾಯಿಂಟಿಗಿಂತ ಚಿಕ್ಕದಾದರೆ ಹಿಂದಿನ ಸಾಲಿಗೆ ಕಾಣುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ 28 ಇಟ್ಟು, ಸಾಲುಗಳ ನಡುವೆ ಅಂತರ ಸ್ವಲ್ಪ ಹೆಚ್ಚೇ ಕೊಡಿ.

ಕೈಕೊಡುವುದು ಫಾಂಟ್. ಸಭಾಂಗಣದ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬರೆದದ್ದೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತದೆ. ಹಾಗಾಗಿ ಯೂನಿಕೋಡಿನಲ್ಲೇ ಬರೆಯಿರಿ, ಜೊತೆಗೆ ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಳ್ಳಿ. ಪಿಡಿಎಫ್‌ನಲ್ಲಿ ಅಕ್ಷರ ಕದಲುವುದಿಲ್ಲ. ಆದರೆ ವಿಡಿಯೊ ಅದರೊಳಗೆ ಓಡುತ್ತದೆಂದು ನಂಬುವಂತಿಲ್ಲ. ಅದನ್ನು ಎಂಪಿ4 ಕಡತವಾಗಿ ಬೇರೆಯೇ ಇಡಿ. ಸ್ವಂತ ಲ್ಯಾಪ್‌ಟಾಪ್ ಒಯ್ಯುವುದಾದರೆ ಎಚ್‌ಡಿಎಂಐ ಮತ್ತು ವಿಜಿಎ ಎರಡಕ್ಕೂ ಹೊಂದುವ ಅಡಾಪ್ಟರ್ ಬೇಕು. ಹಳೆಯ ಪ್ರೊಜೆಕ್ಟರುಗಳಲ್ಲಿ ಇಂದಿಗೂ ವಿಜಿಎ ಮಾತ್ರ ಇರುವುದುಂಟು, ಮತ್ತು ವಿಜಿಎ ತಂತಿಯಲ್ಲಿ ಧ್ವನಿ ಹೋಗುವುದಿಲ್ಲ.

ಸಭಾಂಗಣಕ್ಕೆ ಅರ್ಧ ಗಂಟೆ ಮುಂಚೆ ಹೋಗಿ ಕೊನೆಯ ಸ್ಲೈಡ್‌ವರೆಗೂ ಒಮ್ಮೆ ಓಡಿಸಿ ನೋಡಿ. ಮೊದಲ ಸ್ಲೈಡ್ ಕಂಡಿತೆಂದು ನಿಲ್ಲಿಸಿಬಿಡಬೇಡಿ.

ಪೋಸ್ಟರ್ ಯಾವ ಅಳತೆಯಲ್ಲಿರಬೇಕು?

ಹೆಚ್ಚಿನ ಕಡೆ ಎ0 ಅಳತೆ ಕೇಳುತ್ತಾರೆ: 841 ಮಿ.ಮೀ. × 1189 ಮಿ.ಮೀ. ಉದ್ದುದ್ದವೋ ಅಡ್ಡಡ್ಡವೋ ಎಂಬುದನ್ನು ಸೂಚನೆಯಲ್ಲಿ ನೋಡದೆ ಮುದ್ರಿಸಬೇಡಿ, ಹಲಗೆಗೆ ಹೊಂದದೆ ಎರಡೂ ಪಕ್ಕ ಜೋತುಬೀಳುತ್ತದೆ. ಶೀರ್ಷಿಕೆ 80 ಪಾಯಿಂಟಿಗಿಂತ ದೊಡ್ಡದಿರಲಿ, ಒಳಗಿನ ಬರಹ 28ಕ್ಕೆ ಇಳಿಯದಿರಲಿ. ಮನೆಯಲ್ಲೇ ಪರೀಕ್ಷಿಸಬಹುದು: ಪೂರ್ತಿ ಪೋಸ್ಟರನ್ನು ಎ4 ಹಾಳೆಯ ಮೇಲೆ ಮುದ್ರಿಸಿ ಕೈಯಲ್ಲಿ ಹಿಡಿದು ಓದಿ. ಎ0ಯಿಂದ ಎ4ಕ್ಕೆ ಬಂದಾಗ ಉದ್ದಗಲ ಎರಡೂ ಕಾಲು ಭಾಗ ಆಗುತ್ತವೆ, ಅಂದರೆ 28 ಪಾಯಿಂಟಿನ ಅಕ್ಷರ 7 ಆಗುತ್ತದೆ. ಕಷ್ಟಪಡದೆ ಓದಲಾದರೆ ದೊಡ್ಡದರಲ್ಲಿ ದೂರದಿಂದಲೂ ಓದಬಹುದು. ಅದೇ ಎ4 ಪ್ರತಿಗಳನ್ನು ಹಂಚಲೂ ಬಳಸಿ.

ಕಾರ್ಯಾಗಾರಕ್ಕೆ ಎಷ್ಟು ಸಾಮಗ್ರಿ ಒಯ್ಯಬೇಕು?

ಮೂರು ಮಂದಿಗೆ ಒಂದು ಸೆಟ್. 30 ಮಂದಿಯ ಕೊಠಡಿಗೆ 10, ಮೇಲೆ 2 ಹೆಚ್ಚುವರಿ. ಒಂದೊಂದು ಸೆಟ್ಟನ್ನೂ ಒಂದೊಂದು ಜಿಪ್ ಚೀಲದಲ್ಲಿ ಹಾಕಿ, ನಂಬರು ಬರೆದು, ಒಳಗಿರುವ ವಸ್ತುಗಳ ಪಟ್ಟಿಯನ್ನು ಚೀಲದಲ್ಲೇ ಇಡಿ. ಮುಗಿದ ಮೇಲೆ ಎಣಿಸಿ ತೆಗೆದುಕೊಳ್ಳುವುದು ಆಗ ಎರಡು ನಿಮಿಷದ ಕೆಲಸ.

60 ನಿಮಿಷದಲ್ಲಿ ಪರಿಚಯಕ್ಕೆ 5, ಕೈಕೆಲಸಕ್ಕೆ 35, ಚರ್ಚೆಗೆ 15, ಸಾಮಾನು ಜೋಡಿಸಲು 5. ಕೈಕೆಲಸವನ್ನು ನೀವು 12 ನಿಮಿಷದಲ್ಲಿ ಮಾಡಿ ಮುಗಿಸುತ್ತೀರಾದರೆ, ಮೊದಲ ಸಲ ಮಾಡುವವರಿಗೆ 30 ನಿಮಿಷ ಬೇಕೆಂದೇ ಲೆಕ್ಕ ಹಾಕಿ. ಚರ್ಚೆಯನ್ನು ಮೊಟಕು ಮಾಡಬೇಡಿ. ‘ನಮ್ಮಲ್ಲಿ 60 ಮಕ್ಕಳಿದ್ದಾರೆ, ಇದನ್ನು ಹೇಗೆ ಮಾಡಲಿ?’ ಎಂಬ ಪ್ರಶ್ನೆ ಹುಟ್ಟುವುದು ಅಲ್ಲೇ.

ಆಯೋಜಕರಿಗೆ ಒಂದು ತಿಂಗಳು ಮೊದಲೇ ಬರೆದು ತಿಳಿಸಬೇಕಾದದ್ದು: ಎಷ್ಟು ಮೇಜು, ನಲ್ಲಿ ಬೇಕೋ, ಪ್ಲಗ್ ಎಷ್ಟು, ಕಿಟಕಿಗೆ ಪರದೆ ಇದೆಯೋ, ಬೆಂಕಿ ಹೊತ್ತಿಸಬಹುದೋ. ಹೋಟೆಲಿನ ಸಭಾಂಗಣದಲ್ಲಿ ಹೊಗೆ ಪತ್ತೆ ಯಂತ್ರ ಇದ್ದೇ ಇರುತ್ತದೆ. ಒಂದು ಮೆಗ್ನೀಸಿಯಂ ಪಟ್ಟಿ ಉರಿಸಿದರೂ ಇಡೀ ಕಟ್ಟಡದ ಗಂಟೆ ಹೊಡೆಯಬಹುದು.

ಬಣ್ಣದ ಜ್ವಾಲೆಯ ಪ್ರಾತ್ಯಕ್ಷಿಕೆ ಮಾಡಬಹುದೇ?

ಮೆಥನಾಲ್ ಬಳಸಿ ಮಾಡಲೇಬೇಡಿ. ಬಟ್ಟಲುಗಳಲ್ಲಿ ಲವಣ ಹಾಕಿ ಮೆಥನಾಲ್ ಸುರಿದು ಉರಿಸುವ ಆ ವಿಧಾನದಿಂದ ಶಾಲೆಗಳಲ್ಲಿ ಮಕ್ಕಳಿಗೆ ತೀವ್ರ ಸುಟ್ಟಗಾಯಗಳಾಗಿವೆ. ಮೆಥನಾಲಿನ ಜ್ವಲನಬಿಂದು ಸುಮಾರು 11 ಡಿಗ್ರಿ ಸೆಲ್ಸಿಯಸ್, ಅಂದರೆ ಸಾಮಾನ್ಯ ಕೊಠಡಿಯಲ್ಲಿ ಅದರ ಆವಿ ಯಾವಾಗಲೂ ಹೊತ್ತಿಕೊಳ್ಳಲು ಸಿದ್ಧ. ಜ್ವಾಲೆ ಮಂಕಾಗಿರುವುದರಿಂದ ಆರಿಹೋಯಿತೆಂದು ತಿಳಿದು ಬಾಟಲಿಯಿಂದ ಮತ್ತೆ ಸುರಿಯುತ್ತಾರೆ. ಬೆಂಕಿ ಬಾಟಲಿಯೊಳಗೆ ನುಗ್ಗಿ, ಉರಿಯುವ ದ್ರವ ಎದುರು ಕೂತವರ ಮೇಲೆ ಚಿಮ್ಮುತ್ತದೆ. ಇದಕ್ಕೆ ಬದಲಾಗಿ ಮರದ ಕಡ್ಡಿಗಳನ್ನು ಲವಣಗಳ ನೀರಿನ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ, ಬರ್ನರಿನ ಜ್ವಾಲೆಗೆ ಹಿಡಿಯಿರಿ. ಸೋಡಿಯಂನ ಹಳದಿ, ತಾಮ್ರದ ಹಸಿರು, ಸ್ಟ್ರಾನ್ಷಿಯಂನ ಕೆಂಪು ಚೆನ್ನಾಗಿಯೇ ಕಾಣುತ್ತವೆ. ಒಂದೊಂದು ಲವಣಕ್ಕೂ ಬೇರೆ ಬೇರೆ ಲೋಟ ಇರಲಿ. ಸೋಡಿಯಂ ಒಂದಿಷ್ಟು ಬೆರೆತರೂ ಎಲ್ಲ ಬಣ್ಣವನ್ನೂ ಹಳದಿ ನುಂಗಿಬಿಡುತ್ತದೆ.

ಮಕ್ಕಳ ಫೋಟೊ, ಉತ್ತರ ಪತ್ರಿಕೆ ತೋರಿಸಬಹುದೇ?

ಪೋಷಕರ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ. ಒಪ್ಪಿಗೆ ಇದ್ದರೂ ಹೆಸರು, ಕ್ರಮಸಂಖ್ಯೆ ಅಳಿಸಿ. ಕೆಲಸ ಮಾಡುತ್ತಿರುವ ಕೈಗಳ ಫೋಟೊ ಸಾಮಾನ್ಯವಾಗಿ ಮುಖದ ಫೋಟೊಗಿಂತ ಹೆಚ್ಚು ವಿಷಯ ಹೇಳುತ್ತದೆ.

ಸಾಮಾನು ಮತ್ತು ಪ್ರಯಾಣ

ಉಪಕರಣಗಳನ್ನು ವಿಮಾನದಲ್ಲಿ ಒಯ್ಯಬಹುದೇ?

ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಕಳಿಸುವ ಸಾಮಾನಿನಲ್ಲಿ ಹಾಕುವಂತಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್. ಲೆಕ್ಕ ಹೀಗೆ: ಮಿಲಿಆಂಪಿಯರ್-ಅವರನ್ನು ವೋಲ್ಟಿನಿಂದ ಗುಣಿಸಿ 1000ದಿಂದ ಭಾಗಿಸಿ. 20,000 ಮಿಲಿಆಂಪಿಯರ್-ಅವರ್, 3.7 ವೋಲ್ಟ್ ಎಂದರೆ 74 ವ್ಯಾಟ್-ಅವರ್, ಮಿತಿಯೊಳಗೇ ಇದೆ. ರೋಹಿತದರ್ಶಕಕ್ಕೆ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಉಪಕರಣ) ಬಳಸುವ ಬ್ಲೇಡು ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ಅದನ್ನು ಕಳಿಸುವ ಪೆಟ್ಟಿಗೆಗೆ ಹಾಕಿ. ಪ್ರಬಲ ನಿಯೋಡಿಮಿಯಂ ಆಯಸ್ಕಾಂತಗಳನ್ನು ಜೋಡಿಯಾಗಿ ಅಂಟಿಸಿ, ನಡುವೆ ರಟ್ಟಿನ ತುಂಡಿಟ್ಟು, ಹೊರಗೆ ಕಬ್ಬಿಣದ ತಗಡು ಸುತ್ತಿ, ವಿಮಾನ ಸಂಸ್ಥೆಯನ್ನು ಮೊದಲೇ ಕೇಳಿಕೊಳ್ಳಿ.

ಆಮ್ಲ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಮುಂತಾದ ಯಾವ ರಾಸಾಯನಿಕವನ್ನೂ ಚೀಲದಲ್ಲಿ ಒಯ್ಯಬೇಡಿ. ಅಲ್ಲಿಯ ಆಯೋಜಕರಿಂದಲೇ ತರಿಸಿ, ಬರೆಯುವಾಗ ಸಾಂದ್ರತೆಯನ್ನೂ ಹೇಳಿ. ಡ್ರೈ ಐಸ್ ಸಿಕ್ಕರೆ ಗಾಳಿಯಾಡುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಅನಿಲದ ಒತ್ತಡಕ್ಕೆ ಡಬ್ಬಿ ಒಡೆಯುತ್ತದೆ.

ಜೊತೆಗೆ ಏನಿರಬೇಕು?

ರಟ್ಟಿನ ಹೊದಿಕೆಯ ನೋಟ್‌ಬುಕ್, ಎರಡು ಪೆನ್ನು, 15 ಸೆಂ.ಮೀ. ಸ್ಕೇಲು, ಪುಟ್ಟ ಟಾರ್ಚು, ಎಕ್ಸ್‌ಟೆನ್ಷನ್ ಬೋರ್ಡು, ನೀರಿನ ಬಾಟಲಿ, ಹಂಚಲು ಕೊಡುವ ಹಾಳೆಗಳು ಮಡಚದಂತೆ ಒಂದು ಫೈಲು. ಸ್ಕೇಲು ಯಾಕೆಂಬುದು ಮುಂದಿನ ಉತ್ತರಗಳಲ್ಲಿದೆ.

ಅಲ್ಲಿದ್ದಾಗ

ಒಂದೇ ಹೊತ್ತಿಗೆ ನಾಲ್ಕು ಗೋಷ್ಠಿ ಇದ್ದರೆ ಯಾವುದಕ್ಕೆ ಹೋಗಲಿ?

ಹಿಂದಿನ ರಾತ್ರಿಯೇ ಪ್ರತಿ ಅವಧಿಗೂ ಒಂದು ಮೊದಲ ಆಯ್ಕೆ, ಒಂದು ಬದಲಿ ಗುರುತು ಮಾಡಿಡಿ. ಕೈಯಿಂದ ಮಾಡಿಸುವ ಗೋಷ್ಠಿಗೂ ಉಪನ್ಯಾಸಕ್ಕೂ ಪೈಪೋಟಿ ಬಂದರೆ ಕೈಕೆಲಸಕ್ಕೇ ಹೋಗಿ. ಉಪನ್ಯಾಸವನ್ನು ಆಮೇಲೆ ಓದಿಯೋ ಕೇಳಿಯೋ ತಿಳಿಯಬಹುದು, ಬೆರಳಿಗೆ ಬರುವ ವಿಷಯ ಹಾಗೆ ಬರುವುದಿಲ್ಲ. ಕಾರ್ಯಾಗಾರಗಳಲ್ಲಿ ಜಾಗ ಬೇಗ ತುಂಬುತ್ತದೆ, ಹತ್ತು ನಿಮಿಷ ಮುಂಚೆ ಇರಬೇಕು. ಒಂದೇ ಶಾಲೆಯಿಂದ ಇಬ್ಬರು ಹೋಗಿದ್ದರೆ ಬೇರೆ ಬೇರೆ ಕೊಠಡಿಗೆ ಹೋಗಿ, ಸಂಜೆ ಟಿಪ್ಪಣಿ ಹಂಚಿಕೊಳ್ಳಿ.

ದಿನಕ್ಕೆ ನಾಲ್ಕು ಗೋಷ್ಠಿ ಸಾಕು. ಐದನೆಯದರ ಹೊತ್ತಿಗೆ ಕಿವಿ ಕೇಳುತ್ತಿರುತ್ತದೆ, ತಲೆ ಒಳಗೆ ಬಿಟ್ಟುಕೊಳ್ಳುತ್ತಿರುವುದಿಲ್ಲ.

ಗೋಷ್ಠಿಯ ನಡುವೆ ಎದ್ದು ಹೋಗಬಹುದೇ?

ಒಬ್ಬರು ಮುಗಿಸಿ ಇನ್ನೊಬ್ಬರು ಶುರುಮಾಡುವ ನಡುವೆ ಹೋಗಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

ಟಿಪ್ಪಣಿ ಹೇಗೆ ಮಾಡಿಕೊಳ್ಳಬೇಕು? ಸ್ಲೈಡಿನ ಫೋಟೊ ಸಾಲದೇ?

ಸಾಲದು. ಸ್ಲೈಡಿನಲ್ಲಿ ಇರುವುದು ಮಂಡಿಸುವವರ ತೀರ್ಮಾನ. ನಿಮಗೆ ಬೇಕಾದದ್ದು ಮೇಜಿನ ಮೇಲಿರುವ ವಸ್ತುಗಳ ಅಳತೆ. ಎರಡು ಉದಾಹರಣೆ ನೋಡಿ.

ಸಿಡಿಯಿಂದ ರೋಹಿತದರ್ಶಕ ಮಾಡುವುದನ್ನು ಯಾರೋ ತೋರಿಸಿದರು ಎನ್ನೋಣ. ‘ರಟ್ಟಿನ ಪೆಟ್ಟಿಗೆ, ಸೀಳು, ಡಿಸ್ಕ್’ ಎಂದು ಬರೆದುಕೊಂಡು ಬರುತ್ತೀರಿ. ಶಾಲೆಯಲ್ಲಿ ಕೈಗೆ ಸಿಕ್ಕಿದ್ದು ಡಿವಿಡಿ. ಅದೇ ಅಳತೆಯ ಪೆಟ್ಟಿಗೆ ಮಾಡಿ, ಅದೇ ಜಾಗದಲ್ಲಿ ರಂಧ್ರ ಕೊರೆದು ನೋಡಿದರೆ ಬಣ್ಣವೇ ಇಲ್ಲ. ಕಾರಣ ಡಿಸ್ಕಿನ ಗೆರೆಗಳ ಅಂತರ. ಸಿಡಿಯಲ್ಲಿ ಅದು 1.6 ಮೈಕ್ರೊಮೀಟರ್, ಡಿವಿಡಿಯಲ್ಲಿ 0.74. ಬೆಳಕು ನೇರವಾಗಿ ಬಿದ್ದಾಗ ಹಸಿರು ಬಣ್ಣ ಸಿಡಿಯಲ್ಲಿ ಸುಮಾರು 20 ಡಿಗ್ರಿಗೆ ಬಾಗುತ್ತದೆ, ಡಿವಿಡಿಯಲ್ಲಿ ಸುಮಾರು 48 ಡಿಗ್ರಿಗೆ. ನೋಡುವ ರಂಧ್ರ ಒಂದಕ್ಕೆ ಹೊಂದಿದರೆ ಇನ್ನೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ಬರೆದುಕೊಳ್ಳಬೇಕಾದದ್ದು ಇಷ್ಟು: ಸಿಡಿಯೋ ಡಿವಿಡಿಯೋ, ಪೆಟ್ಟಿಗೆಯ ಉದ್ದ, ಸೀಳಿನ ಅಗಲ, ಡಿಸ್ಕ್ ನಿಂತಿರುವ ಕೋನ, ರಂಧ್ರದ ಜಾಗ. ಸ್ಕೇಲನ್ನು ಪೆಟ್ಟಿಗೆಯ ಪಕ್ಕ ಇಟ್ಟು ಒಂದು ಫೋಟೊ ತೆಗೆದರೆ ಅರ್ಧ ಕೆಲಸ ಮುಗಿಯಿತು.

ಎರಡನೆಯದು, ನೊರೆ ಉಕ್ಕಿಸುವ ಹೈಡ್ರೋಜನ್ ಪೆರಾಕ್ಸೈಡ್ ಪ್ರಯೋಗ. ಟಿಪ್ಪಣಿಯಲ್ಲಿ ಬರೀ ‘20’ ಎಂದಿದ್ದರೆ ಅಪಾಯ. ಬಾಟಲಿಯ ಮೇಲೆ ‘20 ವಾಲ್ಯೂಮ್’ ಎಂದಿದ್ದರೆ ಅದು ಸುಮಾರು ಶೇಕಡಾ 6ರ ದ್ರಾವಣ. ‘100 ವಾಲ್ಯೂಮ್’ ಎಂದರೆ ಸುಮಾರು ಶೇಕಡಾ 30, ಅದು ಚರ್ಮ ಸುಡುತ್ತದೆ, ಕಣ್ಣಿಗೆ ಹಾನಿ ಮಾಡುತ್ತದೆ. 20 ವಾಲ್ಯೂಮನ್ನು ಶೇಕಡಾ 20 ಎಂದು ಓದಿಕೊಂಡರೆ ಮೂರು ಪಟ್ಟಿಗಿಂತ ಗಟ್ಟಿ ದ್ರಾವಣ ಮಕ್ಕಳ ಮುಂದೆ ಬರುತ್ತದೆ. ಅಂಕಿಯ ಜೊತೆ ಮಾನ ಬರೆಯಿರಿ ಎಂದು ನಾವು ಮಕ್ಕಳಿಗೆ ಹೇಳುತ್ತಲೇ ಇರುತ್ತೇವೆ. ಇಲ್ಲಿ ಅದು ನಮಗೂ ಅಷ್ಟೇ ಸಲ್ಲುತ್ತದೆ.

ಪುಟವನ್ನು ಎರಡು ಭಾಗ ಮಾಡಿ. ಎಡಕ್ಕೆ ಕಂಡದ್ದು, ಕೇಳಿದ್ದು, ಅಳತೆಗಳು. ಬಲಕ್ಕೆ ‘ನಮ್ಮ ತರಗತಿಯಲ್ಲಿ’ ಎಂಬ ತಲೆಬರಹದಡಿ ಏನು ಬದಲಿಸಬೇಕು, ಏನು ಕೊಳ್ಳಬೇಕು ಎಂಬುದು. ಬಲಭಾಗ ಖಾಲಿ ಉಳಿದರೆ ಅದೇ ಸಂಜೆ ತುಂಬಿಸಿ. ಒಂದು ವಾರ ಬಿಟ್ಟರೆ ಎಡಭಾಗವೂ ಅರ್ಥವಾಗುವುದಿಲ್ಲ.

ಮಂಡಿಸಿದವರನ್ನು ಏನು ಕೇಳಬೇಕು?

‘ಇದು ಯಾವಾಗ ಕೆಲಸ ಮಾಡುವುದಿಲ್ಲ?’ ಎಂದು ಕೇಳಿ. ಎಷ್ಟೋ ಸಲ ಮಾಡಿದವರಿಗೆ ಮಾತ್ರ ಇದಕ್ಕೆ ಉತ್ತರ ಗೊತ್ತಿರುತ್ತದೆ, ಮತ್ತು ಅವರು ಅದನ್ನು ಸಂತೋಷದಿಂದಲೇ ಹೇಳುತ್ತಾರೆ. ತಾಮ್ರದ ಕೊಳವೆಯಲ್ಲಿ ಆಯಸ್ಕಾಂತ ನಿಧಾನವಾಗಿ ಇಳಿಯುವುದನ್ನೇ ತೆಗೆದುಕೊಳ್ಳಿ. 1 ಮೀಟರ್ ಎತ್ತರದಿಂದ ಸುಮ್ಮನೆ ಬಿಟ್ಟ ವಸ್ತು ಸುಮಾರು 0.45 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಕೊಳವೆಗೆ ಹತ್ತಿರ ಹೊಂದುವ ನಿಯೋಡಿಮಿಯಂ ಆಯಸ್ಕಾಂತವಾದರೆ ಅಷ್ಟೇ ದೂರಕ್ಕೆ ಹಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಅದೇ ಕೊಳವೆಯ ಗೋಡೆ ತೆಳುವಾಗಿದ್ದರೆ, ಆಯಸ್ಕಾಂತಕ್ಕೂ ಗೋಡೆಗೂ ನಡುವೆ ಜಾಗ ಹೆಚ್ಚಿದ್ದರೆ, ಗೋಡೆಯಲ್ಲಿ ಹುಟ್ಟಿ ಆಯಸ್ಕಾಂತವನ್ನು ತಡೆಯುವ ಸುಳಿ ಪ್ರವಾಹ ದುರ್ಬಲವಾಗಿ ಆಯಸ್ಕಾಂತ ಜಾರಿಬಿಡುತ್ತದೆ. ಒಳವ್ಯಾಸ, ಗೋಡೆಯ ದಪ್ಪ, ಆಯಸ್ಕಾಂತದ ವ್ಯಾಸ ಈ ಮೂರನ್ನೂ ಕೇಳದೆ ಬಂದರೆ ಅಂಗಡಿಯಲ್ಲಿ ತಪ್ಪು ಕೊಳವೆ ಕೊಳ್ಳುತ್ತೀರಿ.

ಸಭೆಯ ಮುಂದೆ ಕೇಳುವುದಾದರೆ ಒಂದೇ ಪ್ರಶ್ನೆ, ಇಪ್ಪತ್ತು ಸೆಕೆಂಡಿನಲ್ಲಿ. ಅಳತೆಗಳ ವಿಚಾರವನ್ನು ಗೋಷ್ಠಿ ಮುಗಿದ ಮೇಲೆ ಮೇಜಿನ ಹತ್ತಿರ ಹೋಗಿ ಕೇಳಿ.

ಯಾರ ಪರಿಚಯವೂ ಇಲ್ಲ, ಸಂಕೋಚ. ಮಾತು ಹೇಗೆ ಶುರುಮಾಡಲಿ?

ಪೋಸ್ಟರ್ ಗೋಷ್ಠಿಗೆ ಹೋಗಿ. ಅಲ್ಲಿ ನಿಂತಿರುವವರು ಯಾರಾದರೂ ಬಂದು ಕೇಳಲಿ ಎಂದೇ ಕಾಯುತ್ತಿರುತ್ತಾರೆ. ‘ಇದನ್ನು ಎಷ್ಟನೇ ತರಗತಿಗೆ ಮಾಡಿದಿರಿ ಸರ್?’ ಅಥವಾ ‘ಮೇಡಂ, ಇದಕ್ಕೆ ಎಷ್ಟು ಅವಧಿ ಹಿಡಿಯಿತು?’ ಎಂದರೆ ಸಾಕು. ಫೋನ್ ನಂಬರು ಬರೆದುಕೊಳ್ಳುವಾಗ ಯಾವ ಪ್ರಯೋಗದವರು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ಬರೀ ಹೆಸರುಗಳು ಒಂದು ತಿಂಗಳಲ್ಲಿ ಗುರುತೇ ಸಿಗದಂತಾಗುತ್ತವೆ.

ಮಳಿಗೆಗಳಲ್ಲಿ ಸೆನ್ಸರ್, ಉಪಕರಣ ಕೊಳ್ಳಬಹುದೇ?

ಅಲ್ಲಿ ನೋಡಿ, ಮುಟ್ಟಿ, ಬೆಲೆಪಟ್ಟಿ ತನ್ನಿ. ಕೊಳ್ಳುವುದನ್ನು ಶಾಲೆಗೆ ಮರಳಿದ ಮೇಲೆ ತೀರ್ಮಾನಿಸಿ. ಕೇಳಬೇಕಾದ್ದು: ಬಿಡಿಭಾಗ ಬೇರೆಯಾಗಿ ಸಿಗುತ್ತದೆಯೇ, ತಂತ್ರಾಂಶಕ್ಕೆ ವರ್ಷವರ್ಷ ಹಣ ಕಟ್ಟಬೇಕೇ, ಇಂಟರ್ನೆಟ್ ಇಲ್ಲದೆ ಓಡುತ್ತದೆಯೇ.

ಸೆನ್ಸರಿನ ವಿಷಯದಲ್ಲಿ ಸೆಕೆಂಡಿಗೆ ಎಷ್ಟು ಅಳತೆ ತೆಗೆಯುತ್ತದೆ ಎಂದು ಕೇಳಿ. 440 ಹರ್ಟ್ಸ್ ಶ್ರುತಿಕವೆಯ ಅಲೆಯನ್ನು ಹಿಡಿಯಲು ಸೆಕೆಂಡಿಗೆ 880ಕ್ಕಿಂತ ಹೆಚ್ಚು ಅಳತೆ ಬೇಕೇ ಬೇಕು. ಅಲೆಯ ಆಕಾರ ಚೆನ್ನಾಗಿ ಕಾಣಬೇಕೆಂದರೆ ಅದರ ಹತ್ತು ಪಟ್ಟು. ಸೆಕೆಂಡಿಗೆ 100 ತೆಗೆಯುವ ಸೆನ್ಸರ್ ತಾಪಮಾನಕ್ಕೆ ಧಾರಾಳ, ಶಬ್ದಕ್ಕೆ ನಿರುಪಯೋಗಿ. ಪಿಎಚ್ ಮೀಟರ್ ಆದರೆ ಅದನ್ನು ಸರಿಹೊಂದಿಸಲು ಬೇಕಾದ 4, 7, 10ರ ಬಫರ್ ದ್ರಾವಣ, ತುದಿ ನೆನೆದಿರಲು ಬೇಕಾದ ಶೇಖರಣಾ ದ್ರಾವಣ ಎರಡೂ ಸಿಗುತ್ತವೆಯೇ ನೋಡಿ. ತುದಿಯನ್ನು ಒಣಗಲು ಬಿಟ್ಟರೆ ಅಥವಾ ಬಟ್ಟಿ ಇಳಿಸಿದ ನೀರಿನಲ್ಲಿ ಇಟ್ಟರೆ ಮೀಟರ್ ಬೇಗ ಹಾಳಾಗುತ್ತದೆ. ಶಾಲೆಗಳ ಕಪಾಟಿನಲ್ಲಿ ಸುಮ್ಮನೆ ಕೂತಿರುವ ಪಿಎಚ್ ಮೀಟರುಗಳಲ್ಲಿ ಎಷ್ಟೋ ಹೀಗೇ ಸತ್ತಿರುತ್ತವೆ.

ಮರಳಿದ ಮೇಲೆ

ಮೊದಲು ಏನು ಮಾಡಬೇಕು?

ನೋಡಿದ್ದರಲ್ಲಿ ಒಂದನ್ನು ಆರಿಸಿ, ಎರಡು ವಾರದೊಳಗೆ ತರಗತಿಯಲ್ಲಿ ಮಾಡಿ. ಎಲ್ಲವನ್ನೂ ಮಾಡುತ್ತೇನೆಂದು ಕೂತರೆ ಯಾವುದೂ ಆಗುವುದಿಲ್ಲ. ಮಕ್ಕಳ ಮುಂದೆ ಮಾಡುವ ಮೊದಲು ಒಬ್ಬರೇ ಕನಿಷ್ಠ ಮೂರು ಸಲ ಮಾಡಿ ನೋಡಿ. ಬೆಂಕಿ, ರಾಸಾಯನಿಕ ಇದ್ದರೆ ಸಹೋದ್ಯೋಗಿಯೊಬ್ಬರು ಜೊತೆಗಿರಲಿ. ಉಳಿದ ಟಿಪ್ಪಣಿಗಳನ್ನು ಯಾವ ಪಾಠ ಯಾವ ತಿಂಗಳು ಬರುತ್ತದೆ ಎಂಬುದರ ಪ್ರಕಾರ ವಾರ್ಷಿಕ ಪಾಠಯೋಜನೆಯ ಪುಟಕ್ಕೇ ಪಿನ್ ಮಾಡಿಡಿ. ಆ ಪಾಠ ಬಂದಾಗ ತಾನಾಗಿ ಕೈಗೆ ಸಿಗುತ್ತದೆ.

ಬೇರೆಯವರ ಅಭ್ಯಾಸ ಹಾಳೆಯನ್ನು ಬಳಸಬಹುದೇ?

ಕ್ರಿಯೇಟಿವ್ ಕಾಮನ್ಸ್ ಪರವಾನಗಿ (ಬೇರೆಯವರು ಬಳಸಲು ಮಾಡಿದವರೇ ಮೊದಲೇ ಕೊಡುವ ಅನುಮತಿ) ನಮೂದಿಸಿದ್ದರೆ ಅದರ ಷರತ್ತಿನಂತೆ ಬಳಸಿ. ಇಲ್ಲದಿದ್ದರೆ ಕೇಳಿ, ಬಹಳಷ್ಟು ಮಂದಿ ಒಪ್ಪುತ್ತಾರೆ. ಎರಡೂ ಕಡೆ ಹಾಳೆಯ ಅಡಿಯಲ್ಲಿ ಮಾಡಿದವರ ಹೆಸರು ಉಳಿಸುವುದು ನ್ಯಾಯ.

ಅಲ್ಲಿ ಚೆನ್ನಾಗಿ ಆದ ಪ್ರಯೋಗ ನಮ್ಮಲ್ಲಿ ಆಗಲೇ ಇಲ್ಲ. ಯಾಕೆ?

ಮೊದಲು ಗಾಳಿ, ಜಾಗ, ಸಂಖ್ಯೆ ಈ ಮೂರನ್ನು ನೋಡಿ. ಸ್ಥಿರವಿದ್ಯುತ್ತಿನ ಪ್ರಯೋಗಗಳು ಕೈಕೊಡುವುದು ಬಹುಪಾಲು ತೇವಾಂಶದಿಂದ. ಸಭಾಂಗಣದ ಹವಾನಿಯಂತ್ರಣ ಯಂತ್ರ ಗಾಳಿಯ ತೇವ ಹೀರಿರುತ್ತದೆ. ಮಳೆಗಾಲದ ತರಗತಿಯಲ್ಲಿ ಬಲೂನು, ಸ್ಕೇಲುಗಳ ಮೇಲೆ ತೆಳ್ಳಗೆ ನೀರಿನ ಪದರ ಕೂತು ಆವೇಶ ಸೋರಿಹೋಗುತ್ತದೆ. ವಸ್ತುಗಳನ್ನು ಹೇರ್ ಡ್ರೈಯರಿನಿಂದ ಚೆನ್ನಾಗಿ ಒಣಗಿಸಿ ತಕ್ಷಣ ಮಾಡಿ, ಇಲ್ಲವೇ ಒಣಹವೆಯ ತಿಂಗಳಿಗೆ ಆ ಪಾಠ ಸರಿಸಿ. ನೀರು 100 ಡಿಗ್ರಿಗೆ ಕುದಿಯದಿದ್ದರೆ ಥರ್ಮಾಮೀಟರನ್ನು ಬೈಯುವ ಮೊದಲು ನಿಮ್ಮ ಊರಿನ ಎತ್ತರ ನೋಡಿ: ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಏರಿದಂತೆ ಕುದಿಬಿಂದು ಹೆಚ್ಚುಕಡಿಮೆ 1 ಡಿಗ್ರಿ ಇಳಿಯುತ್ತದೆ. ಬೆಳಕಿನ ಪ್ರಯೋಗ ಮಸುಕಾದರೆ ಕೊಠಡಿ ಸಾಕಷ್ಟು ಕತ್ತಲಾಗಿಲ್ಲ.

ಸಂಖ್ಯೆಯನ್ನು ಎಲ್ಲರೂ ಮರೆಯುತ್ತಾರೆ. ಕಾರ್ಯಾಗಾರದಲ್ಲಿ ಮೂವರಿಗೊಂದು ಸೆಟ್ ಇತ್ತು, ಎಲ್ಲರೂ ಶಿಕ್ಷಕರು. ತರಗತಿಯಲ್ಲಿ 45 ಮಕ್ಕಳಿಗೆ ಐದು ಸೆಟ್ ಎಂದರೆ ಒಂದರ ಸುತ್ತ ಒಂಬತ್ತು ತಲೆ, ಹಿಂದಿನವರಿಗೆ ಏನೂ ಕಾಣುವುದಿಲ್ಲ. ಅರ್ಧ ತರಗತಿ ಪ್ರಯೋಗ ಮಾಡುವಾಗ ಇನ್ನರ್ಧ ಊಹೆ ಬರೆದು ನಕ್ಷೆಯ ಅಕ್ಷಗಳನ್ನು ಸಿದ್ಧಮಾಡಲಿ, ಇಪ್ಪತ್ತು ನಿಮಿಷಕ್ಕೆ ಅದಲುಬದಲು ಮಾಡಿ.

ಆದರೂ ಬರಲಿಲ್ಲವಾದರೆ ಮಂಡಿಸಿದವರಿಗೇ ಬರೆಯಿರಿ. ‘ಆಗಲಿಲ್ಲ’ ಎಂದಷ್ಟೇ ಬರೆದರೆ ಅವರಿಗೂ ಏನೂ ತಿಳಿಯುವುದಿಲ್ಲ. ಯಾವ ಕೊಳವೆ, ಯಾವ ಸಾಂದ್ರತೆ, ಎಷ್ಟು ಸಲ ಮಾಡಿದಿರಿ, ಪ್ರತಿಸಲ ಏನು ಕಂಡಿತು ಎಂಬುದರ ಜೊತೆ ಸ್ಕೇಲು ಪಕ್ಕದಲ್ಲಿಟ್ಟ ಒಂದು ಫೋಟೊ ಕಳಿಸಿ.